ತಲ್ಪಿಯೋಟ್‌ನ ಹತ್ತು ಕಲ್ಲುಪೆಟ್ಟಿಗೆಗಳು: ‘ಯೇಸುವಿನ ಸಮಾಧಿ ಪತ್ತೆ’ ಎಂಬ ಸುದ್ದಿಯ ಒಳಗೇನಿದೆ?

ಈಸ್ಟರಿಗೆ ಮುಂಚಿನ ಉಪವಾಸ-ಪ್ರಾರ್ಥನೆಯ ತಪಸ್ಸುಕಾಲ ಬಂದು ಚರ್ಚುಗಳಲ್ಲಿ ಶಿಲುಬೆ ಹಾದಿಯ ಪ್ರಾರ್ಥನೆ ಆರಂಭವಾಗುವ ಹೊತ್ತಿಗೆ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಹಳೆಯ ಸುದ್ದಿ ಹೊಸ ಬಟ್ಟೆ ತೊಟ್ಟು ಬರುತ್ತದೆ. ಯೆರೂಸಲೇಮಿನಲ್ಲಿ ಯೇಸುವಿನ ಕುಟುಂಬದ ಸಮಾಧಿ ಸಿಕ್ಕಿದೆ, ಅದರಲ್ಲಿ ಆತನ ಹೆಂಡತಿ ಮತ್ತು ಮಗನ ಅಸ್ಥಿಗಳೂ ಇದ್ದವು, ಇದನ್ನು ಗಣಿತವೂ ಡಿಎನ್‌ಎ ಪರೀಕ್ಷೆಯೂ ಸಾಬೀತುಪಡಿಸಿವೆ ಎಂಬುದು ಅದರ ತಿರುಳು. ಓದಿದವರಲ್ಲಿ ಕೆಲವರು ಗಾಬರಿಯಿಂದ ಸಭಾಪಾಲಕರನ್ನೋ ಫಾದರ್ ಅವರನ್ನೋ ಕೇಳುತ್ತಾರೆ, ಕೆಲವರು ಸಿಟ್ಟಾಗುತ್ತಾರೆ, ಇನ್ನು ಕೆಲವರು ಇಷ್ಟು ದಿನ ಇದನ್ನು ಮುಚ್ಚಿಟ್ಟಿದ್ದರು ಎಂದು ಮುಂದಕ್ಕೆ ಕಳುಹಿಸುತ್ತಾರೆ. ಈ ಸುದ್ದಿಯ ಮೂಲದಲ್ಲಿ ಒಂದು ನಿಜವಾದ ಸಮಾಧಿ, ನಿಜವಾದ ಶಾಸನಗಳು ಮತ್ತು ನಿಜವಾದ ಒಂದು ಲೆಕ್ಕ ಇವೆ. ಆದ್ದರಿಂದ ಇದನ್ನು ಬರೀ ಸುಳ್ಳು ಎಂದು ತಳ್ಳಿಹಾಕುವುದರಲ್ಲಿ ಅರ್ಥವಿಲ್ಲ, ಬಿಡಿಸಿ ನೋಡಬೇಕು.

ಅಸ್ಥಿಪೆಟ್ಟಿಗೆ ಎಂದರೇನು

ಯೇಸುವಿನ ಕಾಲದಲ್ಲಿ ಯೆರೂಸಲೇಮಿನ ಸ್ಥಿತಿವಂತ ಯೆಹೂದ್ಯ ಕುಟುಂಬಗಳು ಸುಣ್ಣಕಲ್ಲಿನ ಗುಡ್ಡವನ್ನು ಕೊರೆದು ಕೋಣೆಯಂಥ ಸಮಾಧಿ ಮಾಡಿಸಿಕೊಳ್ಳುತ್ತಿದ್ದವು. ಶವವನ್ನು ಬಟ್ಟೆಯಲ್ಲಿ ಸುತ್ತಿ, ಗೋಡೆಯೊಳಗೆ ಕೊರೆದ ಗೂಡಿನಲ್ಲಿ ಅಥವಾ ಕಲ್ಲಿನ ಜಗಲಿಯ ಮೇಲೆ ಮಲಗಿಸುತ್ತಿದ್ದರು. ಸುಮಾರು ಒಂದು ವರ್ಷ ಕಳೆದು ಮಾಂಸ ಕರಗಿದ ಮೇಲೆ ಎಲುಬುಗಳನ್ನು ಆಯ್ದು ಒಂದು ಕಲ್ಲಿನ ಪೆಟ್ಟಿಗೆಗೆ ತುಂಬುತ್ತಿದ್ದರು. ಅದೇ ಅಸ್ಥಿಪೆಟ್ಟಿಗೆ. ಮನುಷ್ಯನ ದೇಹದಲ್ಲಿ ಅತಿ ಉದ್ದದ ಎಲುಬು ತೊಡೆಯದು. ಅದು ಹಿಡಿಸುವಷ್ಟು ಉದ್ದವಿದ್ದರೆ ಪೆಟ್ಟಿಗೆಗೆ ಸಾಕಾಗುತ್ತಿತ್ತು. ಈ ರೂಢಿ ಯೆರೂಸಲೇಮಿನಲ್ಲಿ ಹೆಚ್ಚಾಗಿ ಕಾಣುವುದು ಕ್ರಿ.ಪೂ. 20ರ ಸುಮಾರಿನಿಂದ ರೋಮನ್ನರು ನಗರವನ್ನು ನಾಶಮಾಡಿದ ಕ್ರಿ.ಶ. 70ರವರೆಗೆ.

ಇಲ್ಲಿ ನೆನಪಿಡಬೇಕಾದ ಒಂದು ಸಂಗತಿಯಿದೆ. ಒಂದು ಪೆಟ್ಟಿಗೆಯಲ್ಲಿ ಒಬ್ಬರ ಅಸ್ಥಿಯೇ ಇರಬೇಕೆಂದಿಲ್ಲ. ಒಂದೇ ಮನೆಯ ಹಲವರನ್ನು ತಲೆಮಾರುಗಳುದ್ದಕ್ಕೂ ಅದೇ ಕೋಣೆಯಲ್ಲಿ, ಕೆಲವೊಮ್ಮೆ ಅದೇ ಪೆಟ್ಟಿಗೆಯಲ್ಲಿ ಸೇರಿಸುತ್ತಿದ್ದರು. ಹೆಸರು ಕೆತ್ತಿದ್ದರೆ ಅದು ಮನೆಯವರ ಗುರುತಿಗಾಗಿ. ಬಹುಪಾಲು ಬರಹಗಳು ಶಿಲ್ಪಿಯ ಕೈಯವಲ್ಲ, ಮೊಳೆಯಂಥ ಚೂಪು ವಸ್ತುವಿನಿಂದ ಆತುರದಲ್ಲಿ ಗೀಚಿದವು.

1980ರಲ್ಲಿ ಸಿಕ್ಕಿದ್ದು, 2007ರಲ್ಲಿ ಹೇಳಿದ್ದು

1980ರ ಮಾರ್ಚ್ ತಿಂಗಳ ಕೊನೆಯಲ್ಲಿ, ಯೆರೂಸಲೇಮಿನ ಹಳೆಯ ನಗರದ ದಕ್ಷಿಣಕ್ಕಿರುವ ಪೂರ್ವ ತಲ್ಪಿಯೋಟ್ ಬಡಾವಣೆಯಲ್ಲಿ ವಸತಿ ಕಟ್ಟಡಕ್ಕಾಗಿ ನೆಲವನ್ನು ಸಿಡಿಸುವಾಗ ಒಂದು ಸಮಾಧಿಯ ಬಾಯಿ ತೆರೆದುಕೊಂಡಿತು. ಇಸ್ರೇಲಿನ ಪುರಾತತ್ವ ಇಲಾಖೆಯ ಪರವಾಗಿ ಯೋಸೇಫ್ ಗಾತ್ ಅಲ್ಲಿ ಉತ್ಖನನ ನಡೆಸಿದರು. ಒಳಗೆ ಹತ್ತು ಅಸ್ಥಿಪೆಟ್ಟಿಗೆಗಳು ಸಿಕ್ಕವು. ಆರರ ಮೇಲೆ ಹೆಸರುಗಳಿದ್ದವು. ಯೆಹೂದ್ಯ ಲಿಪಿಯಲ್ಲಿದ್ದ ಐದು ಹೆಸರುಗಳು ಇವು: ಯೇಷೂವ ಬರ್ ಯೆಹೋಸೇಫ್ (ಯೋಸೇಫನ ಮಗ ಯೇಸು), ಮರಿಯಾ, ಯೋಸೇ, ಮತ್ಯಾ ಮತ್ತು ಯೆಹೂದಾ ಬರ್ ಯೇಷೂವ (ಯೇಸುವಿನ ಮಗ ಯೂದ). ಆರನೆಯದು ಗ್ರೀಕ್ ಲಿಪಿಯಲ್ಲಿತ್ತು. ಮರಿಯಳ ಹೆಸರಿನ ಒಂದು ರೂಪ ಮತ್ತು ‘ಮಾರಾ’ ಎಂಬ ಪದ ಅದರಲ್ಲಿವೆ.

ಇವನ್ನು ಯಾರೂ ಬಚ್ಚಿಡಲಿಲ್ಲ. ಇಸ್ರೇಲ್ ಸರ್ಕಾರದ ಸಂಗ್ರಹದಲ್ಲಿರುವ ಅಸ್ಥಿಪೆಟ್ಟಿಗೆಗಳ ವಿವರಪಟ್ಟಿಯನ್ನು ಎಲ್. ವೈ. ರಹಮಾನಿ 1994ರಲ್ಲಿ ಪ್ರಕಟಿಸಿದಾಗ ಆರೂ ಶಾಸನಗಳು ಅದರಲ್ಲಿ ಸೇರಿದ್ದವು. 1996ರಲ್ಲಿ ಪುರಾತತ್ವಜ್ಞ ಆಮೋಸ್ ಕ್ಲೋನರ್ ಸಮಾಧಿಯ ಪೂರ್ಣ ವರದಿಯನ್ನು ಅಚ್ಚು ಮಾಡಿಸಿದರು. ಅದೇ ವರ್ಷ ಈಸ್ಟರ್ ಹೊತ್ತಿಗೆ ಬಿಬಿಸಿ ಈ ಪೆಟ್ಟಿಗೆಗಳ ಬಗ್ಗೆ ಒಂದು ಕಾರ್ಯಕ್ರಮವನ್ನೂ ಪ್ರಸಾರ ಮಾಡಿತ್ತು.

ಸುದ್ದಿ ಸಿಡಿದದ್ದು ಹನ್ನೊಂದು ವರ್ಷಗಳ ನಂತರ. 2007ರ ಫೆಬ್ರುವರಿ 26ರಂದು ನ್ಯೂಯಾರ್ಕಿನಲ್ಲಿ ಈ ಸಮಾಧಿಯ ಕುರಿತ ಸಾಕ್ಷ್ಯಚಿತ್ರವೊಂದರ ಪತ್ರಿಕಾಗೋಷ್ಠಿ ನಡೆಯಿತು. ವೇದಿಕೆಯ ಮೇಲೆ ಅಸ್ಥಿಪೆಟ್ಟಿಗೆಗಳನ್ನೇ ತಂದು ಇಟ್ಟಿದ್ದರು. ಚಿತ್ರ ನಿರ್ದೇಶಕ ಸಿಮ್ಖಾ ಜಾಕೊಬೊವಿಚಿ. ಅವರ ಬೆನ್ನಿಗೆ ನಿರ್ಮಾಪಕರಾಗಿ ನಿಂತಿದ್ದವರು ‘ಟೈಟಾನಿಕ್’ ಖ್ಯಾತಿಯ ಜೇಮ್ಸ್ ಕ್ಯಾಮರೂನ್. ಮಾರ್ಚ್ 4ರಂದು, ಅಂದರೆ ತಪಸ್ಸುಕಾಲದ ನಡುವೆಯೇ, ಡಿಸ್ಕವರಿ ವಾಹಿನಿಯಲ್ಲಿ ಸಾಕ್ಷ್ಯಚಿತ್ರ ಪ್ರಸಾರವಾಯಿತು. ಗ್ರೀಕ್ ಬರಹದ ಪೆಟ್ಟಿಗೆ ಯೇಸುವಿನ ಶಿಷ್ಯೆಯಾಗಿದ್ದ ಮಗ್ದಲದ ಮರಿಯಳದು, ಆಕೆ ಯೇಸುವಿನ ಹೆಂಡತಿ, ‘ಯೇಸುವಿನ ಮಗ ಯೂದ’ ಅವರಿಬ್ಬರ ಮಗ ಎಂಬುದು ಚಿತ್ರದ ವಾದ. ಹಾಗೆ ನೋಡಿದರೆ 2007ರಲ್ಲಿ ಹೊಸದಾಗಿ ಸಿಕ್ಕಿದ್ದು ಸಮಾಧಿಯಲ್ಲ. ಒಂದು ಅಂಕಿ ಮತ್ತು ಒಂದು ಪ್ರಯೋಗಾಲಯದ ವರದಿ.

600ಕ್ಕೆ ಒಂದು: ಲೆಕ್ಕ ಹುಟ್ಟಿದ ಬಗೆ

ಟೊರಾಂಟೊ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರಜ್ಞ ಆಂಡ್ರೆ ಫೊಯರ್‌ವರ್ಗರ್ ಅವರ ಲೆಕ್ಕವೆಂದು ವಾಹಿನಿ ಮುಂದಿಟ್ಟದ್ದು ಹೀಗಿತ್ತು. ‘ಯೋಸೇಫನ ಮಗ ಯೇಸು’ ಎಂಬ ಹೆಸರು 190ರಲ್ಲಿ ಒಬ್ಬರಿಗೆ ಇರಬಹುದು. ಗ್ರೀಕ್ ಶಾಸನದ ‘ಮರಿಯಮ್ನೆ’ 160ರಲ್ಲಿ ಒಬ್ಬಳು. ‘ಯೋಸೇ’ 20ರಲ್ಲಿ ಒಬ್ಬ. ‘ಮರಿಯಾ’ ನಾಲ್ವರಲ್ಲಿ ಒಬ್ಬಳು. ನಾಲ್ಕನ್ನೂ ಗುಣಿಸಿದರೆ ಸುಮಾರು 24 ಲಕ್ಷದಲ್ಲಿ ಒಂದು ಎಂದು ಬರುತ್ತದೆ. ತಿಳಿಯದೆ ನುಸುಳಿರಬಹುದಾದ ಪಕ್ಷಪಾತಕ್ಕೆಂದು ಅದನ್ನು ನಾಲ್ಕರಿಂದ ಭಾಗಿಸಿದರು: 6 ಲಕ್ಷದಲ್ಲಿ ಒಂದು. ಆ ಕಾಲದ ಸುಮಾರು ಸಾವಿರ ಸಮಾಧಿಗಳು ಯೆರೂಸಲೇಮಿನ ಸುತ್ತ ಇವೆಯೆಂದು ಮತ್ತೆ ಸಾವಿರದಿಂದ ಭಾಗಿಸಿದರು: 600ರಲ್ಲಿ ಒಂದು. ಇಂಥ ಹೆಸರುಗಳು ಬರೀ ಆಕಸ್ಮಿಕವಾಗಿ ಒಂದೆಡೆ ಸೇರುವ ಸಾಧ್ಯತೆ ಇಷ್ಟೇ ಎಂಬುದು ಇದರ ಅರ್ಥ. ಇದೇ ಅಂಕಿ ಜಗತ್ತಿನ ಪತ್ರಿಕೆಗಳ ತಲೆಬರಹವಾಯಿತು.

ಗುಣಾಕಾರದಲ್ಲಿ ತಪ್ಪಿಲ್ಲ. ಪ್ರಶ್ನೆ ಇರುವುದು ಗುಣಿಸಿದ ಅಂಕಿಗಳಲ್ಲಿ. ಮೊದಲು ಹೆಸರುಗಳ ವಿಷಯ ನೋಡೋಣ. ಇತಿಹಾಸಕಾರ್ತಿ ಟಾಲ್ ಇಲಾನ್ ಆ ಕಾಲದ ಯೆಹೂದ್ಯರ ಹೆಸರುಗಳನ್ನು ಶಾಸನ ಮತ್ತು ಗ್ರಂಥಗಳಿಂದ ಹೆಕ್ಕಿ ಕೋಶ ಮಾಡಿದ್ದಾರೆ. ಹೊಸ ಒಡಂಬಡಿಕೆಯ ವಿದ್ವಾಂಸ ರಿಚರ್ಡ್ ಬಾಕಮ್ ಅದನ್ನು ಆಧರಿಸಿ ಎಣಿಸಿದರು. 2,625 ಗಂಡಸರಲ್ಲಿ ಯೋಸೇಫನೆಂಬ ಹೆಸರಿನವರು 218, ಯೇಸುವೆಂಬ ಹೆಸರಿನವರು 99. ಹೆಂಗಸರ ಹೆಸರುಗಳು ದಾಖಲಾದದ್ದೇ ಕಡಿಮೆ, ಕೇವಲ 328. ಅವರಲ್ಲಿ 70 ಮಂದಿ ಮರಿಯ. ಈ ಪ್ರಮಾಣದಲ್ಲಿ ಲೆಕ್ಕ ಹಾಕಿದರೆ ಹತ್ತು ಸಾವಿರ ಗಂಡಸರಿರುವ ಕಡೆ ‘ಯೋಸೇಫನ ಮಗ ಯೇಸು’ ಎಂಬವರು ಸುಮಾರು ಮೂವತ್ತು ಮಂದಿ ಸಿಗುತ್ತಾರೆ. ಇದು ಕಾಗದದ ಮೇಲಿನ ಊಹೆಯಷ್ಟೇ ಅಲ್ಲ. ಇದೇ ಹೆಸರು ಕೆತ್ತಿದ ಇನ್ನೊಂದು ಅಸ್ಥಿಪೆಟ್ಟಿಗೆಯನ್ನು ಪುರಾತತ್ವಜ್ಞ ಸುಕೆನಿಕ್ 1931ರಲ್ಲೇ ಪ್ರಕಟಿಸಿದ್ದರು.

ನವೆಂಬರ್ 2ರ ಮೃತರ ಸ್ಮರಣೆಯ ದಿನ ನಮ್ಮ ಯಾವುದೇ ಹಳೆಯ ಚರ್ಚಿನ ಸಮಾಧಿಭೂಮಿಗೆ ಹೋದರೆ ಇದು ಕಣ್ಣಿಗೇ ಕಾಣುತ್ತದೆ. ತೊಳೆದ ಕಲ್ಲುಗಳು, ಉರಿಯುವ ಮೇಣದ ಬತ್ತಿಗಳು, ಸೇವಂತಿಗೆ ಹೂಗಳ ನಡುವೆ ಹೆಸರುಗಳನ್ನು ಓದುತ್ತ ನಡೆದರೆ ಮೇರಿ, ಜೋಸೆಫ್, ಮತ್ತೆ ಮೇರಿ, ಮರಿಯಮ್ಮ, ಜಾನ್, ಮತ್ತೆ ಜೋಸೆಫ್. ಒಂದೇ ಕಲ್ಲಿನ ಮೇಲೆ ಜೋಸೆಫ್ ಮತ್ತು ಮೇರಿ ಗಂಡ ಹೆಂಡತಿಯಾಗಿ ಮಲಗಿರುವುದನ್ನು ಕಂಡು ಅಲ್ಲಿ ಯಾರೂ ಬೆರಗಾಗುವುದಿಲ್ಲ.

ಎರಡನೆಯದಾಗಿ, ಗುಣಾಕಾರ ಸರಿಹೋಗಬೇಕಾದರೆ ಹೆಸರುಗಳು ನಾಣ್ಯ ಚಿಮ್ಮಿದಂತೆ ಒಂದಕ್ಕೊಂದು ಸಂಬಂಧವಿಲ್ಲದೆ ಬೀಳಬೇಕು. ಮನೆಗಳಲ್ಲಿ ಹೆಸರಿಡುವುದು ಹಾಗಲ್ಲ. ಹಿರಿಯ ಮಗನಿಗೆ ರಾಮ ಎಂದಿಟ್ಟ ಮನೆಯಲ್ಲಿ ಎರಡನೆಯವನು ಲಕ್ಷ್ಮಣನಾಗುವ ಸಾಧ್ಯತೆ ಬೇರೆ ಮನೆಗಳಿಗಿಂತ ಹೆಚ್ಚು. ಯೆಹೂದ್ಯರಲ್ಲಿ ಗ್ರೀಕ್ ಆಳ್ವಿಕೆಯ ವಿರುದ್ಧ ಹೋರಾಡಿದ ಮಕ್ಕಬಿಯರ ಮನೆತನದ ಹೆಸರುಗಳಾದ ಮತ್ತತೀಯ, ಯೋಹಾನ, ಸೀಮೋನ, ಯೂದ, ಎಲಿಯಾಜರ ಇವು ಒಟ್ಟೊಟ್ಟಿಗೇ ಜನಪ್ರಿಯವಾಗಿದ್ದವು. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದಂತೂ ಅಲ್ಲೂ ಇಲ್ಲೂ ಇರುವ ಪದ್ಧತಿ.

ಮೂರನೆಯದು ಲೆಕ್ಕಕ್ಕೆ ಸೇರದ ಹೆಸರುಗಳು. ಮತ್ಯಾ, ಅಂದರೆ ಮತ್ತಾಯ, ಯೇಸುವಿನ ಸಹೋದರರ ಪಟ್ಟಿಯಲ್ಲಿ ಇಲ್ಲ. ಯೇಸುವಿನ ಜೀವನ ಹೇಳುವ ಬೈಬಲಿನ ಪುಸ್ತಕಗಳಲ್ಲೊಂದಾದ ಮಾರ್ಕನ ಸುವಾರ್ತೆ (6:3) ಹೇಳುವವರು ಯಾಕೋಬ, ಯೋಸೇ, ಯೂದ, ಸೀಮೋನ. ಯೇಸುವಿಗೆ ಮಗನಿದ್ದನೆಂದು ಬೈಬಲಿನಲ್ಲಾಗಲಿ, ಬೈಬಲಿನ ಹೊರಗೆ ಉಳಿದ ಮೊದಲ ಶತಮಾನಗಳ ಬರಹಗಳಲ್ಲಾಗಲಿ ಎಲ್ಲೂ ಇಲ್ಲ. ಹೊಂದುವ ನಾಲ್ಕು ಹೆಸರುಗಳನ್ನು ಗುಣಿಸಿ, ಹೊಂದದ ಎರಡನ್ನು ಪಕ್ಕಕ್ಕಿಟ್ಟರೆ ಬರುವ ಉತ್ತರ ಮೊದಲೇ ತೀರ್ಮಾನವಾದಂತೆ.

ಕೊನೆಯದು ಸ್ವಲ್ಪ ಸೂಕ್ಷ್ಮವಾದರೂ ಮುಖ್ಯವಾದದ್ದು. ಇಂಥ ಹೆಸರುಗಳ ಗುಂಪು ಆಕಸ್ಮಿಕವಾಗಿ ಒಂದೆಡೆ ಸೇರುವ ಸಾಧ್ಯತೆ ಇಷ್ಟು ಎಂಬುದು ಒಂದು ಮಾತು; ಇದು ನಜರೇತಿನ ಯೇಸುವಿನ ಸಮಾಧಿಯಾಗಿರುವ ಸಾಧ್ಯತೆ ಇಷ್ಟು ಎಂಬುದು ಬೇರೆಯೇ ಮಾತು. ಪತ್ರಿಕೆಗಳು ಮೊದಲನೆಯದನ್ನು ಎರಡನೆಯದೆಂದು ಓದಿದವು. 2008ರಲ್ಲಿ ಫೊಯರ್‌ವರ್ಗರ್ ತಮ್ಮ ಕೆಲಸವನ್ನು ಸಂಖ್ಯಾಶಾಸ್ತ್ರದ ಪತ್ರಿಕೆಯೊಂದರಲ್ಲಿ ಪ್ರಕಟಿಸಿ, ಇತರ ತಜ್ಞರ ಟೀಕೆಗಳಿಗೂ ಒಡ್ಡಿಕೊಂಡರು. ತಮ್ಮ ಅಂಕಿಗಳು ಇತಿಹಾಸಕಾರರು ಒದಗಿಸಿದ ಊಹೆಗಳ ಮೇಲೆ ನಿಂತಿವೆಯೆಂದು ಅವರು ಸ್ಪಷ್ಟಪಡಿಸಿದ್ದರು. ಆ ಎಚ್ಚರ ತಲೆಬರಹಗಳಿಗೆ ಏರಲಿಲ್ಲ.

ಗ್ರೀಕ್ ಪೆಟ್ಟಿಗೆಯ ಮರಿಯ ಯಾರು

ಇಡೀ ವಾದದ ಭಾರ ಬಿದ್ದಿರುವುದು ‘160ರಲ್ಲಿ ಒಬ್ಬಳು’ ಎಂಬ ಕೊಂಡಿಯ ಮೇಲೆ. ನಾಲ್ವರಲ್ಲಿ ಒಬ್ಬಳಾದ ಮರಿಯ ಇಲ್ಲಿ ಮಾತ್ರ ಇಷ್ಟು ಅಪರೂಪವಾದದ್ದು ಹೇಗೆ? ‘ಮರಿಯಮ್ನೆ’ ಎಂಬುದು ಮಗ್ದಲದ ಮರಿಯಳ ವಿಶೇಷ ಹೆಸರೆಂದು ಚಿತ್ರತಂಡ ಭಾವಿಸಿತು. ಅದಕ್ಕೆ ಆಧಾರ ‘ಫಿಲಿಪ್ಪನ ಕೃತ್ಯಗಳು’ ಎಂಬ, ನಾಲ್ಕನೆಯ ಶತಮಾನದ್ದೆಂದು ಎಣಿಸಲಾಗುವ, ಪವಾಡಗಳಿಂದ ತುಂಬಿದ ಕಥನ. ಯೇಸುವಿಗೂ ಆ ಬರಹಕ್ಕೂ ನಡುವೆ ಸುಮಾರು ಮುನ್ನೂರು ವರ್ಷಗಳ ಅಂತರ. ಆ ಗ್ರಂಥದ ಬಗ್ಗೆ ಅಧಿಕಾರಯುತವಾಗಿ ಮಾತನಾಡಬಲ್ಲ ಫ್ರಾನ್ಸ್ವಾ ಬೊವೋನ್ ಚಿತ್ರದಲ್ಲಿ ಕಾಣಿಸಿಕೊಂಡಿದ್ದರು. ಆದರೆ ಪ್ರಸಾರದ ನಂತರ, ತಾವು ಹೇಳಿದ್ದು ಸಾಹಿತ್ಯದಲ್ಲಿ ಬರುವ ಪಾತ್ರದ ಕುರಿತೇ ಹೊರತು ಚಾರಿತ್ರಿಕ ಮರಿಯಳ ಕುರಿತಲ್ಲ ಎಂದು ಬರೆದು ಚಿತ್ರದ ವಾದದಿಂದ ದೂರ ಸರಿದರು.

ಶಾಸನದ ಓದು ಕೂಡ ಒಮ್ಮತದ್ದಲ್ಲ. ರಹಮಾನಿ ಅದನ್ನು ‘ಮಾರಾ ಎಂದೂ ಕರೆಯಲಾಗುವ ಮರಿಯಮೆನೆಯದು’ ಎಂಬರ್ಥದಲ್ಲಿ ಓದಿದ್ದರು. ಯೆರೂಸಲೇಮಿನ ವಿದ್ವಾಂಸ ಸ್ಟೀಫನ್ ಫಾನ್ ಅಕ್ಷರಗಳ ಆಕಾರವನ್ನು ಮತ್ತೆ ಪರಿಶೀಲಿಸಿ, ‘ಮರಿಯಮೆ’ ಎಂದು ಒಂದು ಕೈ ಬರೆದಿದೆ, ‘ಮತ್ತು ಮಾರಾ’ ಎಂದು ಇನ್ನೊಂದು ಕೈ ಆಮೇಲೆ ಸೇರಿಸಿದೆ ಎಂದರು. ಚಿತ್ರ ‘ಮಾರಾ’ ಪದಕ್ಕೆ ‘ಒಡೆಯ, ಗುರು’ ಎಂಬ ಅರ್ಥ ಕೊಟ್ಟಿತ್ತು. ಆದರೆ ಅದು ಮಾರ್ಥ ಎಂಬ ಹೆಸರಿನ ಮೊಟಕು ರೂಪವಾಗಿಯೂ ಬಳಕೆಯಲ್ಲಿತ್ತು. ಫಾನ್ ಅವರ ಓದು ಸರಿಯಾದರೆ ಅದು ಮರಿಯ ಮತ್ತು ಮಾರ್ಥ ಎಂಬ ಇಬ್ಬರು ಸಾಮಾನ್ಯ ಹೆಂಗಸರ ಪೆಟ್ಟಿಗೆ. ಆಗ 160ರ ಜಾಗದಲ್ಲಿ 4 ಬರುತ್ತದೆ, ಲೆಕ್ಕ ನಲವತ್ತು ಪಟ್ಟು ಇಳಿಯುತ್ತದೆ, 600 ಇದ್ದದ್ದು 15 ಆಗುತ್ತದೆ. ಉಳಿದ ಆಕ್ಷೇಪಗಳನ್ನೆಲ್ಲ ಬಿಟ್ಟು ಈ ಒಂದನ್ನೇ ಒಪ್ಪಿದರೂ ತಲೆಬರಹ ಉಳಿಯುವುದಿಲ್ಲ.

ಡಿಎನ್‌ಎ ಹೇಳಿದ್ದು, ಹೇಳದಿದ್ದದ್ದು

ಎರಡು ಪೆಟ್ಟಿಗೆಗಳ ತಳದಿಂದ ಕೆರೆದ ಚೂರುಗಳನ್ನು ಕೆನಡಾದ ಲೇಕ್‌ಹೆಡ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ್ದು ನಿಜ. ಪರೀಕ್ಷಿಸಿದ್ದು ಮೈಟೊಕಾಂಡ್ರಿಯದ ಡಿಎನ್‌ಎಯನ್ನು. ಇದು ತಾಯಿಯಿಂದ ಮಾತ್ರ ಮಕ್ಕಳಿಗೆ ಬರುವಂಥದ್ದು, ತಂದೆಯಿಂದ ಬರುವುದಿಲ್ಲ. ‘ಯೇಷೂವ’ ಮತ್ತು ‘ಮರಿಯಮೆನೆ’ ಪೆಟ್ಟಿಗೆಗಳ ಚೂರುಗಳು ಒಂದೇ ತಾಯಿಯ ಬಳ್ಳಿಗೆ ಸೇರಿದವಲ್ಲ ಎಂಬುದಷ್ಟೇ ಫಲಿತಾಂಶ. ಹಾಗಾದರೆ ಇಬ್ಬರೂ ಗಂಡ ಹೆಂಡತಿ ಎಂದು ಚಿತ್ರ ಮುಂದಕ್ಕೆ ಜಿಗಿಯಿತು.

ನಮ್ಮ ಒಂದು ಕೂಡುಕುಟುಂಬವನ್ನು ನೆನಪಿಸಿಕೊಳ್ಳಿ. ಅತ್ತೆ ಮತ್ತು ಸೋದರಳಿಯ, ಮಾವ ಮತ್ತು ಸೊಸೆ, ಅತ್ತಿಗೆ ಮತ್ತು ಮೈದುನ, ಮಲತಾಯಿ ಮತ್ತು ಮಲಮಗ, ಅಷ್ಟೇಕೆ, ತಂದೆ ಮತ್ತು ಸ್ವಂತ ಮಗಳು ಕೂಡ ಈ ಪರೀಕ್ಷೆಯಲ್ಲಿ ‘ಸಂಬಂಧವಿಲ್ಲ’ ಎಂದೇ ಬರುತ್ತಾರೆ. ಉಳಿದ ಪೆಟ್ಟಿಗೆಗಳ ಪರೀಕ್ಷೆ ನಡೆಯಲಿಲ್ಲ. ಯೂದನ ಪೆಟ್ಟಿಗೆಯ ಚೂರು ‘ಮರಿಯಮೆನೆ’ಗೆ ಹೊಂದುತ್ತದೆಯೇ ಎಂಬ ಸಹಜ ಪ್ರಶ್ನೆಗೂ ಉತ್ತರವಿಲ್ಲ. ಒಂದು ಪೆಟ್ಟಿಗೆಯಲ್ಲಿ ಹಲವರ ಅಸ್ಥಿ ಇರುವ ರೂಢಿಯಲ್ಲಿ, ಕೆರೆದ ಚೂರು ಹೆಸರು ಬರೆಸಿಕೊಂಡವರದ್ದೇ ಎಂಬ ಖಾತ್ರಿಯೂ ಇಲ್ಲ.

ಕ್ರೈಸ್ತರು ಉತ್ತರಿಸಿದ ಬಗೆ

ಈ ಸುದ್ದಿ ಕ್ರೈಸ್ತರಿಗೆ ಏಕೆ ಅಷ್ಟು ತಟ್ಟಿತು ಎಂಬುದನ್ನು ಇತರ ಓದುಗರಿಗಾಗಿ ಹೇಳಬೇಕು. ಯೇಸುವಿನ ಪುನರುತ್ಥಾನ ಕ್ರೈಸ್ತರಿಗೆ ಒಂದು ಉಪಮೆಯಲ್ಲ. ಬರಿದಾದ ಸಮಾಧಿಯ ವಿಷಯ ನಾಲ್ಕೂ ಸುವಾರ್ತೆಗಳಲ್ಲಿದೆ. ಲೂಕನ ಸುವಾರ್ತೆಯಲ್ಲಂತೂ (24:39) ಎದ್ದುಬಂದ ಯೇಸು ತನಗೆ ಮಾಂಸವೂ ಎಲುಬುಗಳೂ ಇವೆ, ಮುಟ್ಟಿ ನೋಡಿ ಎನ್ನುತ್ತಾನೆ. ಕ್ರಿಸ್ತ ಎದ್ದುಬರಲಿಲ್ಲವಾದರೆ ತನ್ನ ಬೋಧನೆಗೂ ಕೇಳಿದವರ ನಂಬಿಕೆಗೂ ಹುರುಳಿಲ್ಲ ಎಂದು ಆದಿ ಕ್ರೈಸ್ತ ಬೋಧಕ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಪಣವಿಟ್ಟಿದ್ದಾನೆ. ತಾವು ಪುನರುತ್ಥಾನವನ್ನು ಅಲ್ಲಗಳೆಯುತ್ತಿಲ್ಲ, ಆರೋಹಣ ಆತ್ಮಿಕವಾದದ್ದೆಂದು ತಿಳಿದರಾಯಿತು ಎಂದು ಚಿತ್ರತಂಡ ಸಮಾಧಾನ ಹೇಳಿತು. ಸುವಾರ್ತೆಗಳನ್ನು ಓದಿದವರಿಗೆ ಆ ಸಮಾಧಾನ ಒಗ್ಗುವಂಥದ್ದಲ್ಲ.

ಉತ್ತರಗಳಲ್ಲಿ ತೂಕವಿದ್ದದ್ದು ಯಾವುದಕ್ಕೆ? ಬೈಬಲಿನಲ್ಲಿ ಹೀಗಿದೆ, ಆದ್ದರಿಂದ ಇದು ಸುಳ್ಳು ಎಂಬ ಉತ್ತರ ನಂಬುವವರಿಗೆ ಸಾಕು, ಕೇಳುವವರಿಗೆ ಸಾಲದು. ಬಾಕಮ್ ಮೊದಲಾದವರು ಹೆಸರು, ಶಾಸನ, ಲೆಕ್ಕಗಳ ನೆಲದಲ್ಲೇ ನಿಂತು ಉತ್ತರಿಸಿದರು. ಅದಕ್ಕಿಂತ ಗಮನಿಸಬೇಕಾದದ್ದೆಂದರೆ, ಅತ್ಯಂತ ಕಟುವಾಗಿ ಚಿತ್ರವನ್ನು ತಿರಸ್ಕರಿಸಿದವರಲ್ಲಿ ಹಲವರು ಕ್ರೈಸ್ತರೇ ಅಲ್ಲ. ಸಮಾಧಿಯ ವರದಿ ಬರೆದ ಆಮೋಸ್ ಕ್ಲೋನರ್ ಅವರೇ ಈ ವಾದಕ್ಕೆ ಆಧಾರವಿಲ್ಲವೆಂದರು. ಪುರಾತತ್ವಜ್ಞೆ ಜೋಡಿ ಮ್ಯಾಗ್ನೆಸ್ ಎತ್ತಿದ ಪ್ರಶ್ನೆ ಸರಳವಾಗಿತ್ತು: ಕಲ್ಲು ಕೊರೆದ ಸಮಾಧಿ ಉಳ್ಳವರ ಸ್ವತ್ತು, ಬಡವರನ್ನು ನೆಲದಲ್ಲಿ ಗುಂಡಿ ತೋಡಿ ಹೂಳುತ್ತಿದ್ದರು. ಗಲಿಲಾಯದ ನಜರೇತಿನ ಬಡಗಿಯ ಮನೆಯವರಿಗೆ ಯೆರೂಸಲೇಮಿನಲ್ಲಿ ಇಂಥ ಸಮಾಧಿ ಎಲ್ಲಿಂದ ಬರಬೇಕು? ಒಂದು ವೇಳೆ ಇದ್ದಿದ್ದರೂ ಹೊರ ಊರಿನವರ ಹೆಸರಿನ ಜೊತೆ ಊರಿನ ಹೆಸರನ್ನೂ ಬರೆಯುವ ವಾಡಿಕೆಯಿತ್ತು. ಇಲ್ಲಿ ಒಂದರಲ್ಲೂ ಅದಿಲ್ಲ. ಯೇಸುವನ್ನು ಅರಿಮಥಾಯದ ಯೋಸೇಫನೆಂಬ ಐಶ್ವರ್ಯವಂತ ತನ್ನ ಸಮಾಧಿಯಲ್ಲಿ ಇಟ್ಟನೆಂಬ ಸುವಾರ್ತೆಯ ಮಾತು ಈ ಹಿನ್ನೆಲೆಗೆ ಹೊಂದುತ್ತದೆ ಎಂಬುದನ್ನೂ ಆಕೆ ತೋರಿಸಿದರು.

2008ರ ಜನವರಿಯಲ್ಲಿ ಯೆರೂಸಲೇಮಿನಲ್ಲಿ ಈ ಕುರಿತೇ ವಿದ್ವಾಂಸರ ಗೋಷ್ಠಿ ನಡೆಯಿತು. ಅಲ್ಲಿಯ ಬಹುಪಾಲು ಜನ ಈ ಗುರುತನ್ನು ಒಪ್ಪಲಿಲ್ಲ. ಆದರೂ ಗೋಷ್ಠಿಯಿಂದ ಚಿತ್ರದ ವಾದಕ್ಕೆ ಬಲ ಬಂದಿದೆ ಎಂಬ ವರದಿಗಳು ಹೊರಬಿದ್ದು, ಭಾಗವಹಿಸಿದ ಹಲವರು ಅದನ್ನು ಅಲ್ಲಗಳೆದು ಹೇಳಿಕೆ ಕೊಡಬೇಕಾಯಿತು.

ಕ್ರೈಸ್ತರ ಕಡೆಯ ಒಂದು ದೌರ್ಬಲ್ಯವನ್ನೂ ಇಲ್ಲಿ ಹೇಳದಿದ್ದರೆ ವಿವರಣೆ ಅಪೂರ್ಣ. 2002ರಲ್ಲಿ ‘ಯೇಸುವಿನ ಸಹೋದರನೂ ಯೋಸೇಫನ ಮಗನೂ ಆದ ಯಾಕೋಬ’ ಎಂದು ಬರೆದ ಅಸ್ಥಿಪೆಟ್ಟಿಗೆ ಪ್ರಚಾರಕ್ಕೆ ಬಂದಾಗ ಅನೇಕ ಕ್ರೈಸ್ತರು ಅದನ್ನು ಬೈಬಲಿಗೆ ಸಿಕ್ಕ ಸಾಕ್ಷಿಯೆಂದು ಸಂಭ್ರಮಿಸಿದರು. ಅದು ಉತ್ಖನನದಲ್ಲಿ ಸಿಕ್ಕಿದ್ದಲ್ಲ, ಖಾಸಗಿ ಸಂಗ್ರಹದಿಂದ ಬಂದದ್ದು. 2003ರಲ್ಲಿ ಇಸ್ರೇಲಿನ ಪುರಾತತ್ವ ಪ್ರಾಧಿಕಾರದ ಸಮಿತಿ ಬರಹವನ್ನು ಖೋಟಾ ಎಂದಿತು. ಮಾಲೀಕನ ಮೇಲಿನ ಮೊಕದ್ದಮೆ 2012ರಲ್ಲಿ ಖುಲಾಸೆಯಲ್ಲಿ ಮುಗಿದರೂ, ಅದರರ್ಥ ಬರಹ ಅಸಲಿ ಎಂದಲ್ಲ ಎಂದು ನ್ಯಾಯಾಧೀಶರೇ ಹೇಳಿದರು. ಕೆಂಪು ಸಮುದ್ರದ ತಳದ ರಥದ ಚಕ್ರಗಳು, ಅರರಾಟ್ ಬೆಟ್ಟದ ಮೇಲಿನ ನಾವೆ ಎಂಬ ವಿಡಿಯೊಗಳು ನಮ್ಮ ಪ್ರಾರ್ಥನಾ ಗುಂಪುಗಳಲ್ಲೂ ಓಡಾಡುತ್ತವೆ. ತಲ್ಪಿಯೋಟ್‌ಗೆ ಹಿಡಿದ ಅಳತೆಗೋಲನ್ನು ಅವುಗಳಿಗೂ ಹಿಡಿಯದಿದ್ದರೆ ಕೇಳುವವರು ನಮ್ಮ ಅಳತೆಗೋಲನ್ನೇ ಸಂದೇಹಿಸುತ್ತಾರೆ, ಮತ್ತು ಅದು ನ್ಯಾಯವೇ.

ಹಳೆಯ ಛಾಪಾ ಕಾಗದದ ಮೇಲೆ ಹೊಸ ಬರಹ

ಹೆಂಡತಿಯ ವಿಷಯ 2012ರ ಸೆಪ್ಟೆಂಬರ್ 18ರಂದು ರೋಮಿನಲ್ಲಿ ಮತ್ತೆ ಎದ್ದಿತು. ಹಾರ್ವರ್ಡಿನ ಪ್ರಾಧ್ಯಾಪಕಿ ಕರೆನ್ ಕಿಂಗ್ ಅಂಗೈಗಿಂತ ಚಿಕ್ಕದಾದ, ಸುಮಾರು 4 ಸೆಂಟಿಮೀಟರ್ ಅಗಲ 8 ಸೆಂಟಿಮೀಟರ್ ಉದ್ದದ ಪಪೈರಸ್ (ಜೊಂಡಿನಿಂದ ಮಾಡಿದ ಪ್ರಾಚೀನ ಕಾಗದ) ತುಣುಕೊಂದನ್ನು ಪ್ರಕಟಿಸಿದರು. ಪ್ರಾಚೀನ ಈಜಿಪ್ಟಿನ ಕ್ರೈಸ್ತರ ಕಾಪ್ಟಿಕ್ ಭಾಷೆಯಲ್ಲಿ ‘ಯೇಸು ಅವರಿಗೆ ಹೇಳಿದನು, ನನ್ನ ಹೆಂಡತಿ’ ಎಂಬಲ್ಲಿಗೆ ಸಾಲು ಹರಿದುಹೋಗಿತ್ತು. ಇದು ಯೇಸುವಿಗೆ ಮದುವೆಯಾಗಿತ್ತೆಂಬುದಕ್ಕೆ ಪುರಾವೆಯಲ್ಲ ಎಂದು ಅವರೇ ಹೇಳಿದ್ದರು. 2014ರಲ್ಲಿ ಪರೀಕ್ಷೆಗಳ ವರದಿ ಬಂದು ಪಪೈರಸ್ ಸಾವಿರಕ್ಕೂ ಹೆಚ್ಚು ವರ್ಷ ಹಳೆಯದೆಂದು ತಿಳಿದಾಗ ಸುದ್ದಿಗೆ ಮತ್ತೆ ರೆಕ್ಕೆ ಬಂತು. ಜಮೀನಿನ ವ್ಯಾಜ್ಯ ಕಂಡವರಿಗೆ ಇದರ ತೊಡಕು ತಕ್ಷಣ ತಿಳಿಯುತ್ತದೆ: ಛಾಪಾ ಕಾಗದ ಹಳೆಯದಾದ ಮಾತ್ರಕ್ಕೆ ಅದರ ಮೇಲಿನ ಕ್ರಯಪತ್ರವೂ ಹಳೆಯದಾಗುವುದಿಲ್ಲ.

ಡರಮ್ ವಿಶ್ವವಿದ್ಯಾಲಯದ ಫ್ರಾನ್ಸಿಸ್ ವಾಟ್ಸನ್ ಆ ತುಣುಕಿನ ಮಾತುಗಳು ತೋಮನ ಸುವಾರ್ತೆ ಎಂಬ ಕಾಪ್ಟಿಕ್ ಬರಹದಿಂದ ಕತ್ತರಿಸಿ ಅಂಟಿಸಿದವೆಂದು ಮೊದಲೇ ತೋರಿಸಿದ್ದರು. ಆ ಬರಹದ ಅಂತರ್ಜಾಲ ಆವೃತ್ತಿಯಲ್ಲಿದ್ದ ಒಂದು ಅಕ್ಷರದ ಅಚ್ಚುತಪ್ಪು ‘ಪ್ರಾಚೀನ’ ಪಪೈರಸ್ಸಿನಲ್ಲೂ ಇದ್ದದ್ದು ಇನ್ನೊಬ್ಬ ಸಂಶೋಧಕನ ಕಣ್ಣಿಗೆ ಬಿತ್ತು; ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದ ಹುಡುಗ ಕಾಗುಣಿತದ ತಪ್ಪನ್ನೂ ಬರೆದು ಸಿಕ್ಕಿಬಿದ್ದಂತೆ. ಅದೇ ಸಂಗ್ರಹದ ಇನ್ನೊಂದು ತುಣುಕು 1924ರಲ್ಲಿ ಅಚ್ಚಾದ ಯೋಹಾನನ ಸುವಾರ್ತೆಯ ಪುಸ್ತಕವನ್ನು ಸಾಲಿನ ಮುರಿವುಗಳ ಸಮೇತ ನಕಲು ಮಾಡಿತ್ತೆಂದು ಕ್ರಿಶ್ಚಿಯನ್ ಆಸ್ಕಲ್ಯಾಂಡ್ ಪತ್ತೆಹಚ್ಚಿದರು. 2016ರಲ್ಲಿ ಪತ್ರಕರ್ತರೊಬ್ಬರು ತುಣುಕಿನ ಮಾಲೀಕನ ಜಾಡು ಹಿಡಿದು ಬರೆದ ಮೇಲೆ, ಅದು ಖೋಟಾ ಇರುವ ಸಂಭವವೇ ಹೆಚ್ಚು ಎಂದು ಕರೆನ್ ಕಿಂಗ್ ಒಪ್ಪಿಕೊಂಡರು.

ಈಗ ಆ ಸಮಾಧಿ

ತಲ್ಪಿಯೋಟ್‌ನ ಸಮಾಧಿ ಇಂದು ವಸತಿ ಕಟ್ಟಡಗಳ ನಡುವೆ ಕಾಂಕ್ರೀಟು ಹಲಗೆಯ ಕೆಳಗಿದೆ. ಅಲ್ಲಿ ಸಿಕ್ಕ ಎಲುಬುಗಳನ್ನು ಯೆಹೂದ್ಯರ ಧಾರ್ಮಿಕ ನಿಯಮದಂತೆ ಬಹಳ ಹಿಂದೆಯೇ ಮರಳಿ ಮಣ್ಣು ಮಾಡಲಾಗಿದೆ. ಹೊಸ ಪರೀಕ್ಷೆಗೆ ಅವು ಸಿಗುವುದಿಲ್ಲ. ಉಳಿದಿರುವುದು ಪೆಟ್ಟಿಗೆಗಳು. ರಹಮಾನಿಯವರ ಪಟ್ಟಿಯಲ್ಲಿ 704ನೆಯ ಸಂಖ್ಯೆಯದು ಯೋಸೇಫನ ಮಗನದ್ದು. ಅಡ್ಡಾದಿಡ್ಡಿ ಗೀಚಿದ ಆ ಮೊದಲ ಹೆಸರನ್ನು ಓದಲು ಕಷ್ಟಪಟ್ಟ ಅವರು ‘ಯೇಷೂವ’ ಎಂದು ಬರೆದು, ಅದರ ಮುಂದೆ ಆವರಣದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಚಿತ್ರದ ಜಾಹೀರಾತಿನಲ್ಲಿ ಬಿಟ್ಟುಹೋದದ್ದು ಆ ಚಿಹ್ನೆ.